ಇನ್ನೊಂದು ಕೆನ್ನೆ

ಮಗಳ ಕನ್ನಡಕ ತೆಗೆದಿಟ್ಟು ಮುಖ ತೊಳೆಯುತ್ತಿದ್ದ ತಾಯಿಯ ಕೈ ತಟ್ಟನೆ ನಿಂತಿತು. ಬಲಗೆನ್ನೆಯ ಮೇಲೆ ಬೆರಳಿನ ಗುರುತು ಮೂಡಿತ್ತು. ಗದ್ದ ಹಿಡಿದು ತಿರುಗಿಸಿದರೆ ಎಡಗೆನ್ನೆಯೂ ಕೆಂಪಗೆ ಊದಿಕೊಂಡಿತ್ತು.

ಯಾರು ಹೊಡೆದರೆಂದು ಕೇಳಿದ್ದಕ್ಕೆ ಚಿನ್ನಿ ಏನೂ ಮುಚ್ಚಿಡಲಿಲ್ಲ. ಹೊಡೆದದ್ದು ಕ್ಲಾಸ್ ಲೀಡರ್ ಹುಡುಗಿಯಂತೆ. ಊಟದ ಬಿಡುವಿನಲ್ಲಿ ನಲ್ಲಿ ಹತ್ತಿರ ಯಾವಾಗಲೂ ತಳ್ಳುತ್ತಿದ್ದವಳು ಇವತ್ತು ಹೊಡೆದೇಬಿಟ್ಟಳಂತೆ.

"ಎರಡೂ ಕಡೆ ಹೊಡೆದ್ಲಾ?"

"ಇಲ್ಲಮ್ಮ, ಅವಳು ಒಂದೇ ಕಡೆ ಹೊಡೆದದ್ದು. ಇನ್ನೊಂದು ನಾನೇ ತೋರಿಸ್ದೆ. ನೀನೇ ಹೇಳ್ಕೊಟ್ಟಿದ್ಯಲ್ಲ."

ವಾರವಿಡೀ ಬಟ್ಟೆ ಹೊಲಿಯುವ ತಾಯಿ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಹೋದ ವಾರ ಪರ್ವತ ಪ್ರಸಂಗದ ಪಾಠ, ಒಂದು ಕೆನ್ನೆಗೆ ಹೊಡೆದವರಿಗೆ ಇನ್ನೊಂದನ್ನೂ ತೋರಿಸು ಎಂಬ ಯೇಸುವಿನ ಮಾತು. ಮಕ್ಕಳು ಒಬ್ಬರಿಗೊಬ್ಬರು ಸುಳ್ಳುಸುಳ್ಳೇ ಹೊಡೆದು, ಕೆನ್ನೆ ತಿರುಗಿಸಿ, ಬಿದ್ದುಬಿದ್ದು ನಕ್ಕಿದ್ದರು. ಅವಳೂ ನಕ್ಕಿದ್ದಳು. ವಾಕ್ಯ ಬಾಯಿಪಾಠ ಆದರೆ ಸಾಲದು, ಎದೆಯಲ್ಲಿಟ್ಟುಕೊಂಡು ನಡೆಯಬೇಕು ಎಂದು ಹೇಳಿ ಕಳಿಸಿದ್ದಳು. ಹಾಗೆ ನಡೆಯುವವರು ಯಾರಾದರೂ ಇದ್ದಾರು ಎಂದು ಅವಳು ಎಣಿಸಿರಲಿಲ್ಲ.

ಕಾರ್ಖಾನೆಯಿಂದ ಬಂದ ಗಂಡ ಕೈಗೆ ಅಂಟಿದ ಗ್ರೀಸು ಒರೆಸಿಕೊಳ್ಳುತ್ತಲೇ ವಿಷಯ ಕೇಳಿ ಕೆಂಡವಾದ. ನಾಳೆ ಅವಳು ಕೈ ಎತ್ತಿದರೆ ನೀನೂ ಎರಡು ಬಿಗಿ ಎಂದು ಮಗಳಿಗೆ ಹೇಳಿದ. ಚಿನ್ನಿ ಅಪ್ಪನನ್ನು ನೋಡಿ, ಆಮೇಲೆ ಅಮ್ಮನ ಕಡೆ ತಿರುಗಿದಳು.

"ಹೊಡೀಲಾ ಅಮ್ಮ? ಯೇಸುಸ್ವಾಮಿ ಹೇಳಿದ್ದು ಸ್ಕೂಲಲ್ಲಿ ನಡಿಯಲ್ವಾ?"

ಗಂಡನೂ ಹೆಂಡತಿಯ ಮುಖವನ್ನೇ ನೋಡಿದ. ಹೊಡಿ ಎನ್ನಲು ಅವಳ ನಾಲಗೆ ಏಳಲಿಲ್ಲ, ಬೇಡ ಎನ್ನಲು ಹೊಟ್ಟೆ ಕೇಳಲಿಲ್ಲ. ಟೀಚರ್ ಹತ್ತಿರ ನಾನೇ ಮಾತಾಡುತ್ತೇನೆ ಎಂದಷ್ಟೇ ಹೇಳಿ ಅನ್ನಕ್ಕೆ ನೀರಿಟ್ಟಳು.

ಮರುದಿನ ಊಟದ ಬಿಡುವಿಗೆ ಶಾಲೆಗೆ ಹೋದಳು. ಮಹಡಿಯ ಮೇಲಿನ ಕೋಣೆಯಲ್ಲಿ ಟೀಚರ್ ಡಬ್ಬಿ ಬಿಚ್ಚುತ್ತಿದ್ದರು. ಒಳ್ಳೆಯ ಹೆಂಗಸು, ಕುರ್ಚಿ ಎಳೆದು ಕೂರಿಸಿದರು. ಬೆಳಿಗ್ಗೆ ಕೆನ್ನೆ ನೋಡಿದ ಕೂಡಲೇ ತಾವೇ ವಿಚಾರಿಸಿದ್ದಾಗಿ ಹೇಳಿದರು. ಲೀಡರನ್ನು ಬೈದೂ ಆಗಿತ್ತು. ಆದರೆ ಎರಡನೆಯ ಏಟು ಚಿನ್ನಿಯೇ ಕೇಳಿ ಹೊಡೆಸಿಕೊಂಡಳು ಎಂದು ಹುಡುಗಿ ಅತ್ತಳಂತೆ, ಇಡೀ ಕ್ಲಾಸು ಹೌದೆಂದಿತಂತೆ.

"ಒಂದು ಹೊಡೆದ್ರೆ ಇನ್ನೊಂದು ಕೆನ್ನೆ ಕೊಡ್ತಾಳೆ ಅಂತ ಈಗ ಮಕ್ಕಳಿಗೆ ಅದೇ ಆಟ ಆಗಿದೆ. ನಾನು ಎಷ್ಟು ಜನರನ್ನ ಕಾಯ್ಲಿ, ಹೇಳಿ? ನಿಮ್ಮ ಮಗಳಿಗೇ ಒಂದು ಮಾತು ಬೇಡ ಅನ್ನಿ. ನಾನು ಬೇಡ ಅಂದ್ರೆ, ಅಮ್ಮನ್ನ ಕೇಳ್ಬೇಕು ಅಂತಾಳೆ."

ತಾಯಿ ತಲೆಯಾಡಿಸಿ ಎದ್ದು ಕಿಟಕಿಯ ಬಳಿ ಹೋದಳು. ಕೆಳಗೆ ನಲ್ಲಿಯ ಸುತ್ತ ಮಕ್ಕಳು ಮುತ್ತಿಕೊಂಡಿದ್ದರು. ನಡುವೆ ಚಿನ್ನಿ, ಅವಳೆದುರು ಯಾರೋ ಹುಡುಗ ಅಂಗಿಯ ತೋಳು ಮಡಚುತ್ತಿದ್ದ.

ಸರಳು ಹಿಡಿದು ಮಗಳ ಹೆಸರು ಕೂಗಿದಳು. ಅಂಗಳದ ಗದ್ದಲದಲ್ಲೂ ಚಿನ್ನಿಗೆ ಅದು ಕೇಳಿಸಿತು. ತಲೆಯೆತ್ತಿ ಕಿಟಕಿಗಳ ಸಾಲಿನಲ್ಲೆಲ್ಲ ಹುಡುಕಿ, ಅಮ್ಮನನ್ನು ಕಂಡು, ಏನೆಂದು ಕೈಯಾಡಿಸಿ ಕೇಳಿದಳು.

ತಾಯಿ ಬಾಯಿ ತೆರೆದೇ ನಿಂತಿದ್ದಳು.

ಚಿನ್ನಿ ತುಸು ಹೊತ್ತು ಕಾದಳು. ಆಮೇಲೆ ಹುಡುಗನ ಕಡೆ ತಿರುಗಿ, ಕನ್ನಡಕ ತೆಗೆದು, ಅದರ ಕಡ್ಡಿ ಮಡಚಿ, ಜೋಪಾನವಾಗಿ ಜೇಬಿಗೆ ಹಾಕಿಕೊಂಡಳು.