ಹುಸನಪ್ಪನವರನ್ನು ಪಾತಾಳದಿಂದ ಕರೆದದ್ದು

ಮಾವ ತೀರಿಕೊಂಡ ಮೇಲೆ ನಮ್ಮ ಅತ್ತೆ ರಾಹೇಲಮ್ಮ ಪ್ರಭುಭೋಜನ ಮುಟ್ಟಿರಲಿಲ್ಲ. ಚರ್ಚಿನಲ್ಲಿ ಎಲ್ಲರೂ ರೊಟ್ಟಿ, ದ್ರಾಕ್ಷಾರಸಕ್ಕೆಂದು ಎದ್ದು ಮುಂದೆ ಹೋದರೆ, ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಚಾಪೆಯ ಮೇಲೇ ಕೂತಿರುತ್ತಿದ್ದರು. ಮಾವ ಎಲ್ಲಿದ್ದಾರೆಂದು ತಿಳಿಯುವವರೆಗೆ ತಾನೊಬ್ಬಳೇ ಉಣ್ಣುವುದಿಲ್ಲ ಎಂಬುದು ಅವರ ಹಟ.

ಮಾವ ಹುಸನಪ್ಪನವರು ಲೆಕ್ಕದ ಪ್ರಕಾರ ಕ್ರೈಸ್ತರಲ್ಲ. ಪ್ರತಿ ಭಾನುವಾರ ಅತ್ತೆಯನ್ನು ಮೊಪೆಡ್ಡಿನ ಮೇಲೆ ಕೂರಿಸಿಕೊಂಡು ಚೌಡಾಪುರದ ರಸ್ತೆಯಲ್ಲಿರುವ ನಮ್ಮ ಚರ್ಚಿಗೆ ಬರುತ್ತಿದ್ದರು. ಆದರೆ ಹೊರಗೆ ಬೇವಿನ ಮರದ ಕೆಳಗೇ ಕೂತು ಕಿಟಕಿಯಿಂದ ಪ್ರಸಂಗ ಕೇಳಿ, ಮನೆಗೆ ಬಂದು ನಮಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದರು. ದೀಕ್ಷಾಸ್ನಾನಕ್ಕೆಂದು ಎರಡು ಸಲ ಭೀಮಾ ನದಿಗೂ ಹೋಗಿದ್ದರು. ಎರಡು ಸಲವೂ ನೀರು ನೋಡಿ ಒಣ ಬಟ್ಟೆಯಲ್ಲೇ ವಾಪಸಾದರು. ಮುಂದಿನ ವರ್ಷ ನೀರು ಕಡಿಮೆ ಇರುತ್ತದೆ ಎಂದರು. ಮುಂದಿನ ವರ್ಷ ಅವರೇ ಇರಲಿಲ್ಲ. ಮಣ್ಣಿಗೆ ಬಂದಿದ್ದ ಜೇವರ್ಗಿಯ ಹಿರಿಯರೊಬ್ಬರು, ಸ್ನಾನವಾಗದೆ ಸತ್ತವರ ಜಾಗ ಯಾವುದೆಂದು ಎಲ್ಲರಿಗೂ ಗೊತ್ತೇ ಇದೆ ಎಂದು ನಿಟ್ಟುಸಿರು ಬಿಟ್ಟರು. ಅತ್ತೆಯ ಮುಖವನ್ನು ನಾನು ಆಗ ನೋಡಿದ್ದೆ. ಅಂದಿನಿಂದ ನೋಡುತ್ತಲೇ ಇದ್ದೆ.

ಹೀಗಿರುವಾಗ ಈ ವರ್ಷ ಈಸ್ಟರ್ ಹಿಂದಿನ ಶನಿವಾರಕ್ಕೆ ಒಂದು ನಾಟಕ ಬರೆದುಕೊಡಿರೆಂದು ಸಭಾಪಾಲಕ ಪ್ರೇಮದಾಸ ಅಯ್ಯನವರು ನನ್ನನ್ನು ಕೇಳಿದರು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವಳು, ಅಷ್ಟೇ ಕಾರಣ. ಶುಕ್ರವಾರ ಶಿಲುಬೆಯ ಮೇಲೆ ಸತ್ತ ಯೇಸು ಭಾನುವಾರ ಎದ್ದ. ನಡುವಿನ ಶನಿವಾರ ಸತ್ತವರ ಲೋಕಕ್ಕಿಳಿದು, ಬಾಗಿಲು ಮುರಿದು, ಆದಾಮನಿಂದ ಹಿಡಿದು ಕಾಯುತ್ತಿದ್ದವರನ್ನೆಲ್ಲ ಹೊರಗೆ ಕರೆತಂದ. ಇದೇ ಕಥೆ. ನಾನು ಪ್ರತಿ ಮಾತನ್ನೂ ತೂಗಿ ಬರೆದೆ. 'ಪಾತಾಳ' ಎಂದೆ, 'ನರಕ' ಎನ್ನಲಿಲ್ಲ. ಪಾತಾಳ ಸತ್ತವರೆಲ್ಲ ಕಾಯುವ ಜಾಗ, ನರಕವೆಂದರೆ ಕಡೆಯ ತೀರ್ಪಿನ ಬೆಂಕಿ ಎಂದು ಪಾತ್ರಧಾರಿಗಳಿಗೆಲ್ಲ ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿ ನರಕ ಎಂದೇ ಕೂಗಿದರು. ಕೂಗಲಿಕ್ಕೆ ಅದೇ ಹಗುರವಂತೆ.

ರೊಟ್ಟಿ ಬಡಿಯುತ್ತ ನಾನು ಓದುವುದನ್ನು ಕೇಳಿಸಿಕೊಂಡ ಅತ್ತೆ ಕೈ ನಿಲ್ಲಿಸಿದರು.

“ನೀತಾ, ನಿಮ್ಮ ಮಾವ ಒಳಗ ಹೋಗಿ ಕುಂದ್ರೋ ಮನಷ್ಯಾರಲ್ಲ. ಅಲ್ಲೂ ಬಾಗಲದಾಗೇ ಇರ್ತಾರ. ಯೇಸು ಅವ್ರನ್ನ ದಾಟೇ ಹೋಗಬೇಕಲ್ಲ?”

ನಾನು ನಕ್ಕೆ. ಆಮೇಲೆ ಹೆದರಿ ಅಯ್ಯನವರ ಬಳಿ ಹೋದೆ. ಪಾತಾಳದಿಂದ ಹೊರಬರುವವರ ಸಾಲಿನ ಕೊನೆಗೆ ಹೆಸರಿಲ್ಲದ ಒಬ್ಬ ಮುದುಕನನ್ನು ಸೇರಿಸಬಹುದೇ ಎಂದೆ. ಅವರು ಒಳ್ಳೆಯವರು, ಬೇಸರದಿಂದಲೇ ಬೇಡವೆಂದರು. ಬೈಬಲಿನಲ್ಲಿಲ್ಲದವರನ್ನು ನಾವು ಹೊರಗೆ ತಂದರೆ, ನಾಳೆ ತಾಲ್ಲೂಕಿನ ಸತ್ತವರೆಲ್ಲರ ಮನೆಯವರು ತಮ್ಮ ಬಾಗಿಲಿಗೆ ಬರುತ್ತಾರೆ ಎಂದರು.

ಪಾತಾಳವನ್ನು ಕಟ್ಟಿದವನು ಆಳಂದದ ಶಾಮಿಯಾನಾ ಅಂಗಡಿಯ ಜಹೀರುದ್ದೀನ. ತಗಡಿನ ಬಾಗಿಲು, ಕರಿ ಪರದೆ, ಕೆಂಪು ಬಲ್ಬು, ಲೋಬಾನದ ಹೊಗೆ. ಸಂತೆಯ ದಿನ ಮಾವನ ಜೊತೆ ಒಂದೇ ಕಪ್ಪಿನ ಚಹಾ ಹಂಚಿ ಕುಡಿಯುತ್ತಿದ್ದ ಗೆಳೆಯ. ವಯರಿಂಗ್ ವಿಷಯದಲ್ಲಿ ಯಾರನ್ನೂ ನಂಬದ ಅವನು, ಹೊಗೆ ಬೀಸಲು ತಾನೇ ಒಳಗೆ ಕೂತ.

ಹೊತ್ತು ಮುಳುಗಿದ ಕೂಡಲೇ ನಾಟಕ ಶುರುವಾಯಿತು. ಅರ್ಧ ಊರೇ ಬಂದಿತ್ತು. ಯೇಸು ನನ್ನ ಗಂಡ ಸುಧೀರ. ನಾನು ಮೈಕು ಹಿಡಿದು ಹೆಂಗಸರ ಚಾಪೆಯ ಪಕ್ಕದಲ್ಲಿ ನಿಂತು ಕಥೆ ಹೇಳುತ್ತ, ಮರೆತವರಿಗೆ ಮಾತು ನೆನಪಿಸುತ್ತಿದ್ದೆ. ಸುಧೀರ ಒದ್ದ ಪೆಟ್ಟಿಗೆ ಬಾಗಿಲು ಎಷ್ಟು ಚೆಂದ ಬಿತ್ತೆಂದರೆ ಮುಂದಿನ ಸಾಲಿನ ಕೂಸುಗಳು ಅತ್ತವು. ಟ್ರ್ಯಾಕ್ ಪ್ಯಾಂಟಿನ ಮೇಲೆ ಎಲೆ ಕಟ್ಟಿಕೊಂಡ ಆದಾಮ ಬಂದ, ಅವನನ್ನು ಬೈಯುತ್ತ ಹವ್ವ ಬಂದಳು, ಅಬ್ರಹಾಮ, ಮೋಶೆ, ದಾವೀದ ಕೆಮ್ಮುತ್ತ ಬಂದರು. ಪಾತಾಳ ಖಾಲಿಯಾಯಿತು. ನಾನು ಬರೆದಂತೆ ಸುಧೀರ ಕೈ ಚಾಚಿ ಕೇಳಿದ, “ಇನ್ನೂ ಯಾರಿದ್ದೀರಿ?”

ಅದು ಉತ್ತರ ಬೇಕೆಂದು ಬರೆದ ಪ್ರಶ್ನೆಯಲ್ಲ. ಆದರೆ ಅತ್ತೆ ಎದ್ದು ನಿಂತರು.

“ನಮ್ಮವರು ಇದ್ದಾರ್ರಿ.”

ಅಯ್ಯನವರು ನನ್ನನ್ನು ನೋಡಿದರು, ನಾನು ಸುಧೀರನನ್ನು ನೋಡಿದೆ, ಸುಧೀರ ತನ್ನ ತಾಯಿಯನ್ನು ನೋಡಿ ಏನೂ ತೋಚದೆ, ಯೇಸುವಿನ ದನಿಯಲ್ಲೇ ಹೆಸರು ಹೇಳಿರೆಂದ. ಅಲ್ಲಿಗೆ ಎಲ್ಲ ನಿಂತಿತು. ಮದುವೆಯಾದಂದಿನಿಂದ ಅತ್ತೆ ಗಂಡನ ಹೆಸರು ಹೇಳಿದವರೇ ಅಲ್ಲ. ಆಸ್ಪತ್ರೆಯಲ್ಲೂ ನರ್ಸಿಗೆ ನನ್ನ ಕಡೆ ಬೆರಳು ಮಾಡಿದ್ದರು. ಬಾಯಿ ತೆರೆದರು, ಮುಚ್ಚಿದರು. ಹೆಂಗಸರಲ್ಲಿ ಕಿಸಿಕಿಸಿ ಶುರುವಾಯಿತು.

“ಒಡಪು ಹಾಕ್ರಿ ಅಕ್ಕಾ,” ಎಂದರು ಪಕ್ಕದಲ್ಲಿದ್ದ ನಮ್ಮ ಓಣಿಯ ಶಾರದಾಬಾಯಿ. “ಹೊಸ್ತಿಲದಾಗ ನಿಲ್ಲಿಸಿದ್ರ ಮದಿಮಗಳು ಹೇಳಂಗಿಲ್ಲೇನು?”

ನಮ್ಮ ಕಡೆ ಗಂಡನ ಹೆಸರನ್ನು ಬರಿದೇ ಹೇಳಬಾರದು. ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಬಹುದು. ನಾಟಕ ಮುಗಿಯಿತೆಂದು ನಾನು ಮೈಕಿನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಮೈಕನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ತಲೆಯ ಮೇಲೆ ಸೆರಗು ಸರಿಮಾಡಿಕೊಂಡರು.

“ಭೀಮಾ ನದಿ ನೀರಿಗಂಜಿ ದಂಡ್ಯಾಗ ನಿಂತವ್ರು,
ಬಾಗಲ ಬಿದ್ದದ, ಹೊರಗ ಬರ್ರಿ, ಹುಸನಪ್ಪನವ್ರು.”

ಯಾರೂ ಬರಲಿಲ್ಲ. ಬರಲು ಯಾರಿದ್ದರು? ಕೆಂಪು ಹೊಗೆ ಮಾತ್ರ ಬಂತು. ಅತ್ತೆ ಕತ್ತು ಚಾಚಿ ಕಾಯುತ್ತಲೇ ಇದ್ದರು. ಆಗ ಪರದೆ ಅಲುಗಿತು. ಲೋಬಾನದ ಕುಂಡ ಹಿಡಿದು, ಮುಖವೆಲ್ಲ ಮಸಿಯಾಗಿ, ಜಹೀರುದ್ದೀನ ಹೊರಗೆ ಬಂದ. ಸುಧೀರ ಒಂದು ಕ್ಷಣ ತಡೆದು ಎರಡೂ ಕೈಯಿಂದ ಅವನ ಕೈ ಹಿಡಿದ. ಅಪ್ಪಾ ಎಂದದ್ದು ಮೈಕಿಲ್ಲದಿದ್ದರೂ ಎಲ್ಲರಿಗೂ ಕೇಳಿಸಿತು.

ಅಷ್ಟರಲ್ಲಿ ಹಿಂದಿನಿಂದ ಜಹೀರುದ್ದೀನನ ಹೆಂಡತಿ ಶಮ್ಸುನ್ನಿಸಾಳ ದನಿ ಬಂತು.

“ನಾ ಕರದ್ರ ಅಂಗಡಿಂದ ಬರಂಗಿಲ್ಲ, ಈಕಿ ಕರದ್ರ ನರಕದಿಂದ ಬಂದ್ರಿ.”

ಜನ ಬಿದ್ದು ಬಿದ್ದು ನಕ್ಕರು. ಒಬ್ಬಾಕೆ ಒಡಪು ಹಾಕಿದ ಮೇಲೆ ಉಳಿದವರು ಸುಮ್ಮನಿರುವ ಪದ್ಧತಿ ನಮ್ಮಲ್ಲಿಲ್ಲ. ಶಾರದಾಬಾಯಿ ಮೈಕು ಕಸಿದರು.

“ಹೋಳಿಗಿಗೆ ತುಪ್ಪ ಹಾಕಿ ಆರಾಕತ್ತದ ತಾಟ,
ವ್ಯಂಕಟೇಶರಾಯರ ಬರ್ರಿ, ಸಾಕ್ರಿ ನರಕದ ಆಟ.”

ಮುಂದಿನ ಕುರ್ಚಿಯಲ್ಲಿದ್ದ ನಿವೃತ್ತ ಹೆಡ್‌ಮಾಸ್ತರು ವ್ಯಂಕಟೇಶರಾಯರು ತಿರುಗಿ, ತಾವಿನ್ನೂ ಬದುಕಿರುವುದನ್ನು ಹೆಂಡತಿಯ ಗಮನಕ್ಕೆ ತಂದರು.

“ಇದ್ರ ಇರ್ರಿ,” ಎಂದರು ಶಾರದಾಬಾಯಿ. “ನಿಮ್ಮ ಗುಣ ನನಗ ಗೊತ್ತದ. ಮುಂಗಡ ಕರದಿಟ್ಟೀನಿ.”

ಆಮೇಲೆ ಹಿಡಿತವೇ ತಪ್ಪಿತು. ಸತ್ತ ಗಂಡಂದಿರು, ಇದ್ದ ಗಂಡಂದಿರು, ಪುಣೆಗೆ ಕೆಲಸಕ್ಕೆ ಹೋದವರು, ಎಲ್ಲರ ಹೆಸರೂ ಪ್ರಾಸ ಸಿಕ್ಕಂತೆ ಪಾತಾಳಕ್ಕೆ ಬಿದ್ದವು. ಹೆಸರು ಕೂಗಿಸಿಕೊಂಡು ಅಲ್ಲೇ ಇದ್ದ ಗಂಡಸರು ಪರದೆಯ ಹಿಂದಿನಿಂದ ಸುತ್ತಿ ಒಳಗೆ ಹೋಗಿ ಬಾಗಿಲಿನಿಂದ ಬಂದರು. ಪ್ರಾಸ ಸಿಗದವರು ನನ್ನ ಸೀರೆ ಜಗ್ಗಿ ಕೇಳಿದರು. ನಾನೂ ನಾಲ್ಕಾರು ಕಟ್ಟಿಕೊಟ್ಟೆ, ದೇವರು ಕ್ಷಮಿಸಲಿ. ಸುಧೀರನ ಕೈ ಸೋತು, ಆದಾಮನೇ ಯೇಸುವಿಗೆ ನೆರವಾದ.

ಗದ್ದಲ ಇಳಿದಾಗ ಅತ್ತೆ ನೇರ ಅಯ್ಯನವರ ಮುಂದೆ ಹೋಗಿ ನಿಂತರು. ನಾನು ಬೈಗುಳಕ್ಕೆ ಸಿದ್ಧಳಾಗಿ ಹಿಂದೆ ನಿಂತೆ.

“ಅಯ್ಯನವರ, ಖರೇ ಹೇಳ್ರಿ. ಅವ್ರಿಗೆ ಕೇಳ್ಸಿರ್ತದೇನು?”

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ಕಣ್ಣಲ್ಲಿ ನೀರಿತ್ತು, ನಕ್ಕದ್ದಕ್ಕೋ ಏನೋ.

“ನಾ ಹೋಗಿ ನೋಡಿಲ್ಲಮ್ಮಾ. ಆದ್ರ ಇಳದು ಹೋದಾತ ಕಿವುಡ ಅಲ್ಲ. ಅವ್ರಿಗೆ ಕೇಳ್ಸದಿದ್ರೂ ಆತಗ ಕೇಳ್ಸಿರ್ತದ.”

ಅತ್ತೆ ಆಯಿತೆಂಬಂತೆ ತಲೆಯಾಡಿಸಿದರು.

ಮರುದಿನ ಈಸ್ಟರ್. ಬೆಳಿಗ್ಗೆಯಿಂದ ಅವರ ನಾಲಿಗೆಗೆ ತಡೆಯೇ ಇರಲಿಲ್ಲ. ಈ ಮೊರ ಹುಸನಪ್ಪ ತಂದದ್ದು, ಹುಸನಪ್ಪಗ ಈ ಬಣ್ಣ ಸೇರುತ್ತಿರಲಿಲ್ಲ ಎಂದು ಹಾಲಿನವನಿಗೂ ಹೇಳಿದರು, ಕೋಳಿಗೂ ಹೇಳಿದರು. ಪ್ರಾಸವೂ ಇಲ್ಲ, ಬಹುವಚನವೂ ಇಲ್ಲ. ಚರ್ಚಿನಲ್ಲಿ ಪ್ರಭುಭೋಜನಕ್ಕೆ ಕರೆದಾಗ ಎಲ್ಲರನ್ನೂ ಸರಿಸಿ ಮೊದಲು ಹೋಗಿ ನಿಂತವರು ಅವರೇ. ರೊಟ್ಟಿಯ ತುಣುಕು ತಿಂದು, ದ್ರಾಕ್ಷಾರಸ ಕುಡಿದು, ಬಂದು ನನ್ನ ಪಕ್ಕದಲ್ಲಿ ಕೂತರು. ಪ್ರಾರ್ಥನೆಯ ಮೌನದಲ್ಲಿ ಇಡೀ ಚರ್ಚಿಗೆ ಕೇಳುವಂತೆ ಹೇಳಿದರು,

“ಹುಸನಪ್ಪ ಇದ್ದಿದ್ರ ಉಪ್ಪು ಕಮ್ಮಿ ಆಗ್ಯಾದ ಅಂತಿದ್ದ.”