ಕಟ್ಟೆ ಬಿಟ್ಟು ಮಾರಿದ ಮನೆ

ಕಾಸೀಮಬೀ ಮೊಣಕಾಲೂರಿ ಕುಳಿತು ತನ್ನ ಮನೆಯ ಮುಂದಿನ ಕಟ್ಟೆಯನ್ನು ಸಗಣಿಯಿಂದ ಸಾರಿಸುತ್ತಿದ್ದಳು. ಅರ್ಧ ಮುಗಿದಿರಲಿಲ್ಲ, ಎದುರಿನ ಓಣಿಯಿಂದ ನಾಲ್ಕು ಮಂದಿ ಪಂಪಮ್ಮನ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಬಂದೇಬಿಟ್ಟರು.

"ತಡೀರಿ, ತಡೀರಿ, ಇನ್ನ ಹಸಿ ಐತಿ," ಎಂದಳು.

"ಪಂಪವ್ವಗ ಇನ್ನ ಮ್ಯಾಲ ಥಂಡಿ ಹತ್ತತೈತೇನವಾ? ಅತ್ತಾಗ ಸರಿ," ಎಂದ ಮುಂದಿದ್ದ ಹಂಪಣ್ಣ. 

ಮಾರ್ಗಶಿರದ ಮಂಜು ತಾವರಗೇರಾದ ಬೀದಿಗಳಲ್ಲಿ ಇನ್ನೂ ತೂಕಡಿಸುತ್ತಿತ್ತು. ಕಾಸೀಮಬೀಯ ಗಂಡ ಮಲಿಕಸಾಬ ಹಿಂದಿನ ದಿನ ಹಿಂಜಿದ ಹತ್ತಿಯ ಎಳೆಗಳು ಬಾಗಿಲಿನಿಂದ ತೇಲಿ ಬಂದು, ಗೋಡೆಗೆ ಆನಿಸಿ ಕೂರಿಸಿದ ಪಂಪಮ್ಮನ ತಲೆಯ ಮೇಲೆ, ಹೊಸ ವಿಭೂತಿಯ ಮೇಲೆ ಇಳಿಯುತ್ತಿದ್ದವು. ಭಜನೆಯವರು ತಾಳ ಹಿಡಿದರು. ಕಣ್ಣು ಮುಚ್ಚಿದ ಮುದುಕಿ ಯಾವುದೋ ಒಳ್ಳೆಯ ಕನಸಿನ ನಡುವೆ ಇದ್ದಂತಿದ್ದಳು.

ಅವಳು ತೀರಿಕೊಂಡದ್ದು ಹಂಪಣ್ಣನ ಹಿತ್ತಿಲ ಕೋಣೆಯಲ್ಲಿ. ಮನೆ ಮಾರಿದಂದಿನಿಂದ ಅವಳು ಇದ್ದದ್ದೂ ಅಲ್ಲೇ. ಆದರೆ ಸತ್ತವರನ್ನು ಕೂರಿಸಬೇಕಾದದ್ದು ಅವರದೇ ಬಾಗಿಲಲ್ಲಿ. ಪಂಪಮ್ಮನಿಗೆ ಸ್ವಂತದ್ದು ಎಂದು ಈ ಭೂಮಿಯ ಮೇಲೆ ಉಳಿದಿದ್ದದ್ದು ಈ ಕಟ್ಟೆಯೊಂದೇ. ಕಟ್ಟೆಯ ಹಿಂದಿನ ಮನೆ ಕಾಸೀಮಬೀಯದು. ಈ ಲೆಕ್ಕ ಹೊಸಬರ ತಲೆಗೆ ಹೋಗುವುದು ಕಷ್ಟ. ಕುಷ್ಟಗಿಯ ನೋಂದಣಿ ಕಚೇರಿಯವರ ತಲೆಗೇ ಹೋಗಿರಲಿಲ್ಲ.

*

ಗಂಡ ಅಮರಪ್ಪ ತೀರಿಕೊಂಡ ವರ್ಷವೇ ಪಂಪಮ್ಮ ಮನೆ ಮಾರಲು ನಿಂತಿದ್ದಳು. ಮಕ್ಕಳಿಲ್ಲ, ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಕಸ ಹೊಡೆದು ಸಾಕಾಗಿತ್ತು. ಕೊಳ್ಳಲು ಬಂದವನು ಹತ್ತಿ ಹಿಂಜುವ ಮಲಿಕಸಾಬ. ನಿಕಾಹದಲ್ಲಿ ಹೆಂಡತಿಗೆ ಕೊಡುವೆನೆಂದು ಒಪ್ಪಿದ್ದ ಮೆಹರಿನ ಹಣ ಬಾಕಿ ಇತ್ತು. ಅದರ ಬದಲಿಗೆ ಮನೆ ಅವಳ ಹೆಸರಿಗೇ ಆಗಲಿ ಎಂದ. ಮಾತೆಲ್ಲ ಮುಗಿದು ಎಲೆ ಅಡಿಕೆಯ ತಟ್ಟೆ ಬಂದ ಮೇಲೆ ಪಂಪಮ್ಮ ಬಾಯಿ ಬಿಟ್ಟಳು.

"ಮನಿ ಕೊಟ್ಟೀನಿ. ಕಟ್ಟಿ ಕೊಟ್ಟಿಲ್ಲ."

"ಬರೇ ಕಟ್ಟಿ ಇಟ್ಕೊಂಡು ಏನ ಮಾಡ್ತೀಯವಾ?" ಎಂದ ಹಂಪಣ್ಣ. ಊರಿನ ಕಾಗದಪತ್ರದ ಕೆಲಸವೆಲ್ಲ ಅವನದೇ.

"ಕುಂದರ್ತೀನಿ. ಒಳಗ ಒಲಿ ಊದೀನಿ, ಮುಸುರಿ ತಿಕ್ಕೀನಿ, ಅತ್ತೀನಿ. ಅದನ್ನೆಲ್ಲ ಮಾರಾಕ ಬರತೈತಿ. ಸಂಜಿ ಗಾಳಿಗೆ ಸುಮ್ನ ಕುಂತದ್ದು ಇಲ್ಲೆ ಒಂದ ನೋಡು. ಅದನ್ನ ಹೆಂಗ ಮಾರಲಿ?"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಊರು ನಕ್ಕಿತು. ಕಚೇರಿಯ ಗುಮಾಸ್ತನಂತೂ ಲೇಖನಿ ಕೆಳಗಿಟ್ಟು ನಕ್ಕ. "ಬಾಯಿ ಮಾರಿ ನಾಲಿಗಿ ಇಟ್ಕೊಂತಾಳೇನ್ರಿ?" ಎಂದವನೇ ಸರಕಾರಿ ಉರ್ದುವಿನಲ್ಲಿ ಮನೆಯ ನಾಲ್ಕೂ ಗಡಿಗಳ ಚಕ್ಕುಬಂದಿ ಬರೆದ. ಪೂರ್ವದ ಗಡಿ, ಸರಕಾರಿ ರಸ್ತೆ. ಅಂದರೆ ರಸ್ತೆಯವರೆಗಿನದ್ದೆಲ್ಲ, ಕಟ್ಟೆಯೂ ಸೇರಿ, ಕಾಸೀಮಬೀಯದಾಯಿತು.

ಹಂಪಣ್ಣ ಅದನ್ನು ಓದಿ ಹೇಳಿದಾಗ ಪಂಪಮ್ಮ ಹೆದರಲಿಲ್ಲ. ಆ ಊರಲ್ಲಿ ಮಾರಿದವರು ಧಾರೆ ಎರೆಯದೆ ಮನೆ ಕೈ ಬದಲಾಗುತ್ತಿರಲಿಲ್ಲ. ಬಿಟ್ಟುಕೊಡುವ ದಿನ ಅವಳು ಪಡಸಾಲೆಯಲ್ಲಿ ನಿಂತು, ತಂಬಿಗೆಯ ನೀರನ್ನು ಹೊಸ್ತಿಲ ಒಳಗಿನಿಂದಲೇ ಎರೆದಳು. ನೀರು ಹರಿದು ಹೊಸ್ತಿಲಿಗೆ ತಾಗಿ, ದಾಟಲಾರದೆ ಒಳಕ್ಕೇ ತಿರುಗಿತು.

"ನೀರು ಎಲ್ಲಿತನಕ ಹೋತೋ ಅಲ್ಲಿತನಕ ನಿಂದು ಕಾಸಿಂಬಿ," ಎಂದಳು.

ಸೇರಿದ ಹಿರಿಯರು ಹೌದೌದೆಂದರು. ಆಗ ಯಾರೂ ನಗಲಿಲ್ಲ. ಅಂದಿನಿಂದ ಕಾಗದ ಪೆಟ್ಟಿಗೆಯಲ್ಲಿ ಮಲಗಿತು, ಊರು ನೀರಿನ ಮಾತನ್ನೇ ನಡೆಸಿತು.

*

ಬಿಸಿಲು ಏರುವ ಹೊತ್ತಿಗೆ ಯಲಬುರ್ಗಿಯಿಂದ ದೇವೇಂದ್ರಪ್ಪನ ಗಾಡಿ ಬಂತು. ಅಮರಪ್ಪನ ಅಣ್ಣನ ಮಗ. ಪಂಪಮ್ಮನಿಗೆ ವಾರಸುದಾರ ಅಂತ ಇದ್ದವನು ಅವನೊಬ್ಬನೇ. ಚಿಗವ್ವನ ಕಾಯಿಲೆಯ ಸುದ್ದಿ ಕೇಳಿ ಹೊರಟಿದ್ದ. ಕಾಲು ಮುಟ್ಟಿ ನಮಸ್ಕರಿಸಿದ, ಕಣ್ಣೊರೆಸಿಕೊಂಡ, ಆಮೇಲೆ ಸುತ್ತ ನೋಡಿದ.

"ಮಾರಿದ ಮನಿ ಮುಂದ ಯಾಕ ಕುಂದರಿಸೀರಿ? ಮಂದಿ ಬಾಗ್ಲಾಗ?"

"ಮಂದಿದಲ್ಲಪಾ. ಕಟ್ಟಿ ಆಕೀದ," ಎಂದು ಹಂಪಣ್ಣ ಎಲ್ಲ ಬಿಡಿಸಿ ಹೇಳಿದ.

ದೇವೇಂದ್ರಪ್ಪ ಕೆಟ್ಟವನಲ್ಲ. ಆದರೆ ಶೇಂಗಾ ವ್ಯಾಪಾರ ಮಾಡಿ ಮಾಡಿ ಯಾವುದನ್ನು ಕಂಡರೂ ಬೆಲೆ ಕಟ್ಟುವುದು ಅವನ ಕಣ್ಣಿಗೆ ರೂಢಿಯಾಗಿತ್ತು. ಪಕ್ಕದ ಕಿರಾಣಿ ಅಂಗಡಿಯ ಸಾಹುಕಾರನೂ ಎಷ್ಟೋ ದಿನದಿಂದ ಈ ಕಟ್ಟೆಯ ಮೇಲೆ ಕಣ್ಣಿಟ್ಟವನೇ. ಇಬ್ಬರೂ ಬೇವಿನ ಗಿಡದ ಕೆಳಗೆ ಮೆಲ್ಲಗೆ ಮಾತಾಡಿದರು. ತಿರುಗಿ ಬಂದ ದೇವೇಂದ್ರಪ್ಪ ಭಜನೆ ನಿಲ್ಲಿಸಲು ಕೈಯೆತ್ತಿದ.

"ಹಿರಿಯರು ಎಲ್ಲಾರೂ ಅದೀರಿ. ಕಟ್ಟಿ ಚಿಗವ್ವಂದು ಅಂದ್ರ, ಆಕಿ ಹಿಂದ ನಂದು. ಸಾಹುಕಾರ್ರು ಕೇಳ್ಯಾರ, ಅಂಗಡಿ ಬೆಳಸ್ತಾರಂತ. ಆಕಿ ಮುಂದ ಇವತ್ತ ಮಾತು ಆಗಿಬಿಡ್ಲಿ."

ಅಂಗಡಿ ಬೆಳೆದರೆ ಗೋಡೆ ಏಳುವುದು ಕಾಸೀಮಬೀಯ ಬಾಗಿಲಿಗೆ ಅಡ್ಡಲಾಗಿ. ಅವಳಿಗೆ ಬೀದಿಗೆ ಬೇರೆ ದಾರಿಯಿರಲಿಲ್ಲ. ಜನ ಗುಸುಗುಸು ಎಂದರು.

ಹಂಪಣ್ಣ ಎದ್ದು ನಿಂತ. "ಕಾಗದ ಕಾಸಿಂಬಿ ಹೆಸರ್ಲೆ ಐತಿ. ರಸ್ತೆತನಕ ಆಕೀದಂತ ಬರದೈತಿ, ಬರಸಿದಾಂವ ನಾನ. ಕಟ್ಟಿ ನಂದು ಅಂತ ಆಕಿ ಒಂದ ಮಾತು ಅಂದ್ರ ಯಾವ ಅದಾಲತ್‌ನಾಗೂ ನಿನ್ನ ಆಟ ನಡಿಯಂಗಿಲ್ಲ ದೇವೇಂದ್ರಪ್ಪ." ಅವನು ಕಾಸೀಮಬೀಯ ಕಡೆ ತಿರುಗಿದ. "ಹೇಳವಾ."

"ಅಂದಬಿಡು," ಎಂದು ಮಲಿಕಸಾಬ ಬಾಗಿಲೊಳಗಿನಿಂದ ಪಿಸುಗುಟ್ಟಿದ. "ಸುಳ್ಳೇನಲ್ಲಲ್ಲ, ಕಾಗದದಾಗ ಐತಿ."

ಕಾಸೀಮಬೀ ಪಂಪಮ್ಮನ ಮುಖವನ್ನೇ ನೋಡುತ್ತಿದ್ದಳು.

*

ಮೊದಲೆರಡು ವರ್ಷ ಇಬ್ಬರಿಗೂ ಹಾವು ಮುಂಗುಸಿ. ಕಾಸೀಮಬೀ ಕಟ್ಟೆಯ ಮೇಲೆ ಹತ್ತಿ ಹರವಿದರೆ ಪಂಪಮ್ಮ ಒಂದು ಮೂಲೆಗೆ ಒತ್ತುತ್ತಿದ್ದಳು. "ಹರವಾಕ ಬ್ಯಾಡ ಅನ್ನಂಗಿಲ್ಲ. ಕೇಳಿ ಹರವು." ಕೊನೆಗೊಂದು ದಿನ ಕಾಸೀಮಬೀ ಕೇಳಿದಳು. ಕೇಳಿದ್ದೇ ತಡ, ಮುದುಕಿ ಸೆರಗು ಬಿಗಿದು ತಾನೂ ಹರವಲು ಕುಳಿತಳು.

ಆಮೇಲೆ ದಿನಾ ಸಂಜೆ ಪಂಪಮ್ಮ ಹಿಂದಿನ ರಾತ್ರಿಯ ಕನಸು ಹೇಳುವುದು ಶುರುವಾಯಿತು. ಹೊಳೆಯೇ ಇಲ್ಲದ ಊರಲ್ಲಿ ಅವಳಿಗೆ ಬೀಳುವುದೆಲ್ಲ ನೀರಿನ ಕನಸು.

"ಈ ಬೀದಿ ತುಂಬ ಹುಲಿಗಿ ಹೊಳಿ ಬಂದಿತ್ತು ಕಾಸಿಂಬಿ. ಕಟ್ಟಿ ಹರಗೋಲಾಗಿ ತೇಲಾಕ ಹತ್ತಿತ್ತು. ನೀನೂ ಇದ್ದಿ."

"ಹುಟ್ಟು ಯಾರ ಹಾಕ್ತಿದ್ರು ಪಂಪಕ್ಕ?"

"ನೀನ ಮತ್ತ. ಕಟ್ಟಿ ಮಾಲಕಿ ನಾ, ನಾ ಹುಟ್ಟು ಹಾಕ್ತೀನೇನು?"

ಇಬ್ಬರೂ ಕೆಮ್ಮು ಬರುವವರೆಗೆ ನಕ್ಕಿದ್ದರು. ನಗು ನಿಂತ ಮೇಲೆ ಪಂಪಮ್ಮ ಬೀದಿಯತ್ತ ನೋಡುತ್ತ ಹೇಳಿದ್ದಳು. "ನಾ ಸತ್ತರ ಹಂಪಣ್ಣನ ಹಿತ್ಲಾಗ ಕುಂದರಸಬ್ಯಾಡ್ರಿ. ಇಲ್ಲೆ ಕುಂದರಸ್ರಿ. ದಯಾ ತೋರಿಸಿ ಬ್ಯಾರೇದವರ ಕಟ್ಟಿ ಮ್ಯಾಲ ಕುಂದರಿಸಿದ್ರು ಅಂತ ಆಗಬಾರ್ದು. ನನ್ನ ಕಟ್ಟಿ ಮ್ಯಾಲ ನಾ ಕುಂದರಬೇಕು."

*

ತಾಳದವನ ಕೈ ಹಾಗೇ ನಿಂತಿತ್ತು. ಕಾಸೀಮಬೀಗೆ ಗೊತ್ತಿತ್ತು. ಒಂದು ಮಾತು ಸಾಕು, ಬಾಗಿಲು ಉಳಿಯುತ್ತದೆ. ಆದರೆ ಅದೇ ಮಾತಿಗೆ, ಇಷ್ಟು ವರ್ಷ ಮಾಲಕಿಯಂತೆ ಕೂತಿದ್ದ ಮುದುಕಿ ಊರೆದುರು ಬಿಟ್ಟಿ ಕೂತವಳಾಗುತ್ತಾಳೆ, ಅದೂ ಎದ್ದು ಜಗಳಾಡಲು ಬಾರದ ಈ ದಿನ. ಪಂಪಕ್ಕ ಜೀವಂತ ಇದ್ದಿದ್ದರೆ ದೇವೇಂದ್ರಪ್ಪನನ್ನೂ ತನ್ನನ್ನೂ ಒಟ್ಟಿಗೇ ಬೈಯುತ್ತಿದ್ದಳು ಅನ್ನಿಸಿ ಅವಳಿಗೆ ಅಳು ಒತ್ತಿ ಬಂತು.

"ಕಟ್ಟಿ ಪಂಪಕ್ಕಂದು," ಎಂದಳು.

"ಕಾಸಿಂಬಿ, ತಿಳದ ಮಾತಾಡು," ಎಂದ ಹಂಪಣ್ಣ.

"ತಿಳದ ಹೇಳೀನಿ ಅಣ್ಣಾ. ಕಚೇರ್ಯಾಗ ಏನ ಬರಕೊಂಡಾರೋ ನನಗ ಓದಾಕ ಬರಂಗಿಲ್ಲ. ಆಕಿ ಕೊಟ್ಟಿದ್ದಿಲ್ಲ, ನಾ ತಗೊಂಡಿಲ್ಲ. ಆಕಿ ಆಕಿ ಜಾಗಾದಾಗ ಕುಂತಾಳ. ಭಜನಿ ನಡಸ್ರಿ."

ಮಲಿಕಸಾಬ ತಲೆಯ ಮೇಲೆ ಕೈಹೊತ್ತು ಒಳಗೆ ಹೋದ. ಸಾಹುಕಾರನ ಮುಖ ಅರಳಿತು. ದೇವೇಂದ್ರಪ್ಪ ಗೆದ್ದಿದ್ದ; ಆದರೆ ಗೆದ್ದವನಿಗೆ ಯಾರ ಕಡೆ ನೋಡುವುದೆಂದು ತಿಳಿಯಲಿಲ್ಲ. ಮಧ್ಯಾಹ್ನದವರೆಗೆ ಅವನು ಹೆಣದ ಪಕ್ಕ ಕುಳಿತಿದ್ದ. ಬಂದವರೆಲ್ಲ ಮೆಟ್ಟಿಲ ಬಳಿ ನಿಂತು, "ಬರ್ಲೇನಬೇ ಪಂಪವ್ವಾ?" ಎಂದು ಒಂದು ಗಳಿಗೆ ಕಾದು ಮೇಲೆ ಹತ್ತುವುದನ್ನು ನೋಡುತ್ತಿದ್ದ. ಕಾಸೀಮಬೀಯೂ ತನ್ನ ಮನೆಯಿಂದ ಹೊರಗೆ ಬರುವಾಗ ಪ್ರತಿ ಸಲ ಕೇಳಿಯೇ ದಾಟಿದಳು. ಸತ್ತವಳ ಅಪ್ಪಣೆ ಯಾವ ಕಿವಿಗೆ ಕೇಳಿಸುತ್ತಿತ್ತೋ ಏನೋ.

*

ಮಣ್ಣು ಕೊಟ್ಟು ಬರುವಷ್ಟರಲ್ಲಿ ಸಂಜೆಯಾಗಿತ್ತು. ಹೆಣ ಕೂತಿದ್ದ ಜಾಗದಲ್ಲಿ ವಾರಸುದಾರ ದೀಪ ಹಚ್ಚಬೇಕು. ಯುದ್ಧದ ಕಾಲ, ಸೀಮೆಎಣ್ಣೆ ಕಣ್ಣಿಗೂ ಕಾಣುತ್ತಿರಲಿಲ್ಲ. ಹಂಪಣ್ಣ ಒಂದಿಷ್ಟು ಕುಸುಬೆ ಎಣ್ಣೆ ತಂದುಕೊಟ್ಟ. ದೇವೇಂದ್ರಪ್ಪ ಹಚ್ಚಿದ. ಬೀದಿಯ ಗಾಳಿ ಆರಿಸಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಧೋತರದ ಚುಂಗು ಅಡ್ಡ ಹಿಡಿದರೂ ನಿಲ್ಲಲಿಲ್ಲ.

ಸಾಹುಕಾರ ರಸ್ತೆಯಲ್ಲಿ ಬಂದು ನಿಂತ. "ದೇವೇಂದ್ರಪ್ಪಾರ, ನಾಳಿ ಗ್ವಾಡಿಗೆ ಒಂದ ಗಾಡಿ ಕಲ್ಲು ತರಸ್ಲೇನ್ರಿ?"

ದೇವೇಂದ್ರಪ್ಪ ಕೇಳಿಸದವನಂತೆ ಹಣತೆ ಎತ್ತಿಕೊಂಡು ಹೊಸ್ತಿಲ ಬಳಿ ಹೋದ. ಒಳಗೆ ಕಾಲಿಡಲಿಲ್ಲ.

"ಗಾಳಿಗೆ ನಿಂದ್ರವಲ್ದ್ರಿ. ಒಳಗ ಇಡ್ಲೇನ್ರಿ?"

 ಕಾಸೀಮಬೀ ಹತ್ತಿಯ ಗಂಟು ಸರಿಸಿ, ಪಡಸಾಲೆಯಲ್ಲಿ ಬಾಗಿಲಿಗೆ ನೇರವಾಗಿ ಜಾಗ ಮಾಡಿದಳು. "ಇಡ್ರಿ. ಇಲ್ಲಿ ಗಾಳಿ ಬರಂಗಿಲ್ಲ."

ಈ ಸಲ ದೀಪ ನಿಂತಿತು. ಅವನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತ. ಥಂಡಿ ಏರುತ್ತಿತ್ತು, ಕಾಸೀಮಬೀ ಬಾಗಿಲು ಮುಂದೆ ಮಾಡಲು ಕೈ ಹಾಕಿದಳು.

"ಹಾಕಬ್ಯಾಡ್ರಿ," ಎಂದ ದೇವೇಂದ್ರಪ್ಪ. ಅವನ ಧ್ವನಿ ಜೋರಾಗಿಯೇ ಬಂದಿತ್ತು. ರಸ್ತೆಯಲ್ಲಿ ನಿಂತವನಿಗೂ ಕೇಳಿಸಿತು. "ಬಾಗ್ಲ ಇರ್ಲಿ ಬಿಡ್ರಿ. ಬೆಳಕು ಆಕಿ ಕುಂತಲ್ಲಿ ಬೀಳ್ಬೇಕು."

ಸಾಹುಕಾರ ಒಂದೆರಡು ಸಲ ಕೆಮ್ಮಿ ನೋಡಿ ತನ್ನ ಅಂಗಡಿಯ ಕಡೆ ನಡೆದ. ತೆರೆದ ಬಾಗಿಲಿನಿಂದ ಬೆಳಕು ಹೊಸ್ತಿಲು ದಾಟಿ ಬಂದು ಕಟ್ಟೆಯ ಮೇಲೆ ಹರಡಿತ್ತು. ಪಂಪಮ್ಮ ಕೂತಿದ್ದ ಜಾಗದ ಮೇಲೆ ತನ್ನ ನೆರಳು ಬಿದ್ದಿರುವುದನ್ನು ಕಂಡು ದೇವೇಂದ್ರಪ್ಪ ಪಕ್ಕಕ್ಕೆ ಸರಿದು ಕುಳಿತ.