ರೂಟ್‌ಲಿಂದ ಬರಬೇಕು

ಆ ಕಂಪ್ಯೂಟರಿಗೆ ನನ್ನ ಮೇಲೆ ಏನು ಸಿಟ್ಟಿತ್ತೋ ಗೊತ್ತಿಲ್ಲ. ಬಸವಕಲ್ಯಾಣದ ನಮ್ಮ ಹೈಸ್ಕೂಲಿನಲ್ಲಿ ಇದ್ದುದೇ ಒಂದು, ಅದೂ ಲಿನಕ್ಸ್‌ನದು. ಅದನ್ನು ಮಕ್ಕಳಿಗೆ ಕಲಿಸಬೇಕಾದ ನಾನು ಕಲಿತದ್ದು ವಿಂಡೋಸ್. ಶಾಲೆಯ ಆ ಮಷೀನಿನಲ್ಲಿ ನನಗೊಂದು ಹೆಸರು, ಒಂಬತ್ತನೆಯ ತರಗತಿಯ ಪ್ರತಿ ಮಗುವಿಗೂ ಒಂದೊಂದು ಹೆಸರು. ಅವರವರ ಹೆಸರಿನಲ್ಲಿ ಒಳಗೆ ಹೋದರೆ ಅವರವರ ಪರದೆ. 2006ರ ಚಳಿಗಾಲದಲ್ಲಿ ಅದಕ್ಕೇನಾಯಿತೋ, ಮಕ್ಕಳು ಪಾಠದ ಚಿತ್ರ ಒತ್ತಿದರೆ ಚಿತ್ರ ಬರಲೊಲ್ಲದು. ಅಕ್ಷರ ಬರೆಯುವ ಪ್ರೋಗ್ರಾಂ ತೆರೆದುಕೊಂಡು ಪುಟದ ತುಂಬ ಗೀಚು ಬರುತ್ತಿತ್ತು.

"ಇದು ಉರ್ದು ಇರಬೇಕ್ರಿ ಮೇಡಂ," ಅಂದಿತು ಹಿಂದಿನ ಬೆಂಚು.

ಮುಂದಿನ ಬೆಂಚಿನ ಸುಗ್ರಾ ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. "ಉರ್ದು ಅಲ್ರಿ. ಉರ್ದು ನಾ ಓದ್ತೀನಲ್ರಿ."

ಸರಿ, ನನ್ನ ಹೆಸರಿನಲ್ಲಿ ಒಳಗೆ ಹೋಗಿ ನಾನೇ ಕೂತೆ. ಚಿತ್ರವನ್ನು ಚಿತ್ರದ ಪ್ರೋಗ್ರಾಂನಲ್ಲೇ ತೆರೆಯಬೇಕು ಎಂದು ಆರಿಸಿದೆ. ತೆರೆಯಿತು. ಸುಗ್ರಾಳ ಹೆಸರಿನಲ್ಲಿ ಹೋದರೆ ಮತ್ತೆ ಅದೇ ಗೀಚು. ಅದೇ ಫೈಲು, ಅದೇ ಮಷೀನು. ನನಗೆ ಚಿತ್ರ, ಅವಳಿಗೆ ಗೀಚು. ಮರುದಿನ ಜಿಲ್ಲೆಯಿಂದ ಸಾಹೇಬರು ಬರುವವರಿದ್ದರು. ಮಕ್ಕಳೇ ಪಾಠ ತೆರೆದು ತೋರಿಸದಿದ್ದರೆ ಕಂಪ್ಯೂಟರ್ ಕ್ಲಾಸು ಬಂದ್, ಗುತ್ತಿಗೆಯ ಮೇಲಿದ್ದ ನನ್ನ ನೌಕರಿಯೂ ಬಂದ್.

ಹುಮನಾಬಾದಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಸಂಜೀವಕುಮಾರನಿಗೆ ಫೋನ್ ಹಚ್ಚಿದೆ.

"ನಿಮ್ಮ ಹೆಸರಿನ್ಯಾಗ ಮಾಡಿದ್ರ ನಿಮಗಷ್ಟೇ ಆಗ್ತದ್ರಿ ಮೇಡಂ," ಅಂದ. "ಎಲ್ಲಾರಿಗೂ ಆಗಬೇಕಂದ್ರ ರೂಟ್‌ಲಿಂದ ಬರಬೇಕು."

"ಈಗ ಬಂದ್ರ ನಡೀತದೇನ್ರಿ?"

"ಯಾಕ ನಡ್ಯಂಗಿಲ್ರಿ? ಯಾವಾಗ ಬಂದ್ರೂ ನಡೀತದ."

ರಾಜೇಶ್ವರದ ಮೇಲಿಂದ ಹೋಗುವ ಬಸ್ ರೂಟ್ ಬಿಟ್ಟರೆ ಹುಮನಾಬಾದಿಗೆ ಇನ್ಯಾವ ರೂಟಿದೆ? ಇದನ್ನೂ ಹೇಳಬೇಕೆ ಎಂದುಕೊಳ್ಳುತ್ತ ಅರ್ಧ ದಿನ ರಜೆ ಹಾಕಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ.

ಸಂಜೀವಕುಮಾರ ನನ್ನನ್ನು ಕಂಡು ಕೆಲಸ ಬಿಟ್ಟು ಎದ್ದ. "ಇಲ್ಲಿಗ್ಯಾಕ ಬಂದ್ರಿ ಮೇಡಂ?"

"ರೂಟ್‌ಲಿಂದ ಬರ್ರಿ ಅಂದವರು ನೀವೇ ಅಲ್ಲೇನ್ರಿ?"

ಅವನು ನಕ್ಕ ನಗೆಗೆ ಪಕ್ಕದ ಚಹಾದಂಗಡಿಯವನೂ ಇಣುಕಿದ. "ಬಸ್ಸಿನ ರೂಟ್ ಅಲ್ರಿ. ಆ ಮಷೀನಿನ ಮಾಲಕನ ಹೆಸರು ರೂಟ್. ಆ ಹೆಸರಿಲೇ ಒಳಗ ಬಂದು ಸೆಟ್ಟಿಂಗಿನ ಫೈಲಿನ್ಯಾಗ ಒಂದ್ ಸಾಲು ಬದಲಿ ಮಾಡಿದ್ರ ಎಲ್ಲಾರಿಗೂ ಒಮ್ಮೆಗೇ ಆಗ್ತದ. ಪಾಸ್‌ವರ್ಡ್ ನಿಮ್ಮ ಹೆಡ್‌ಮಾಸ್ತರ ಹತ್ರ ಅದ."

ಯಾವ ಸಾಲು, ಎಲ್ಲಿದೆ ಎಂದು ಹೇಳಿಕೊಟ್ಟ. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಮೂರು ವರ್ಷದಿಂದ ಆ ಮಷೀನಿನ ಧೂಳು ಒರೆಸುವವಳು ನಾನು. ಮಾಲಕನೊಬ್ಬ ಇದ್ದಾನೆಂದು ನನಗೆ ಯಾರೂ ಹೇಳಿರಲಿಲ್ಲ.

ಸಂಜೆ ಹೆಡ್‌ಮಾಸ್ತರ ಮಹಾರುದ್ರಪ್ಪನವರನ್ನು ಹಿಡಿದೆ.

"ಪಾಸ್‌ವರ್ಡ್ ನಿಮಗ ಕೊಡಾಕ ಬರಂಗಿಲ್ರಿ ಮನೀಷಾ. ನೀವು ಖಾಯಂ ಅಲ್ಲ," ಅಂದರು. "ನಾನೇ ಹಾಕ್ತೀನಿ. ನೀವು ಗ್ವಾಡಿ ಕಡಿ ಮುಖ ಮಾಡ್ರಿ."

ಮಾಡಿದೆ. ಮಾಡದೆ ಏನು ಮಾಡಲಿ? ಅವರು ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತುತ್ತ, ಒತ್ತಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದರು. "ಎಲ್... ಎ... ಮತ್ತ ಎಲ್... ಐ ಎಲ್ಲಿ ಅದ..." ಅವರ ಹೆಂಡತಿಯ ಹೆಸರು ಲಲಿತಾ ಎಂದು ಊರಿಗೇ ಗೊತ್ತು.

ಆಮೇಲೆ ನಾನು ಕೂತು ಆ ಸಾಲು ಬದಲಿಸಿದೆ. ಸುಗ್ರಾಳ ಹೆಸರಿನಲ್ಲಿ ಹೋಗಿ ಒತ್ತಿದೆ: ಚಿತ್ರ. ಬೇರೆ ಮಕ್ಕಳ ಹೆಸರಿನಲ್ಲೂ ಚಿತ್ರ. ಕಣ್ಣಲ್ಲಿ ನೀರೇ ಬಂತು ನನಗೆ. ಆದರೆ ಆ ಗೋಡೆ ಮನಸ್ಸಿನಿಂದ ಹೋಗಲಿಲ್ಲ.

"ಸರ್, ಪಾಸ್‌ವರ್ಡ್ ನನಗ ಕೇಳಿಸ್ತ್ರಿ."

ಅವರು ಗಾಬರಿಯಾಗಿ ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. "ಹಂಗಾದ್ರ ಬದಲಿ ಮಾಡಬೇಕಲ್ಲ." ಒತ್ತಲು ಎತ್ತಿದ ಬೆರಳನ್ನು ಹಾಗೇ ಇಳಿಸಿದರು. "ಹ್ಯಾಂಗ ಮಾಡಬೇಕ್ರಿ ಅದನ್ನ?"

"ನನಗ ಬರ್ತದ್ರಿ. ಆದ್ರ ನಾ ಖಾಯಂ ಅಲ್ಲಲ್ರಿ."

ಮಹಾರುದ್ರಪ್ಪನವರ ಮುಖ ಸಣ್ಣದಾಯಿತು. ಕೀಬೋರ್ಡನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

"ಏನರೆ ಇಡ್ರಿ. ನನಗ ಹೇಳಬ್ಯಾಡ್ರಿ," ಎಂದು ತಾವೇ ಎದ್ದು ಗೋಡೆಯ ಕಡೆ ತಿರುಗಿ ನಿಂತರು.